ತಡವಾಗಿ ಬಂದವನಿಗೂ ಉತ್ತರ ಸಿಗಬೇಕು

ಮಾವಿನ ಸೀಸನ್‌ನಲ್ಲಿ ಪೆರಿಯಕುಳಂನ ಒಂದು ಮಂಡಿಗೆ ವೆಬ್ ಪುಟ ಮಾಡಿಕೊಡುವ ಕೆಲಸ ಸಿಕ್ಕಿತ್ತು. ನನ್ನ ತಮಿಳು ಅಷ್ಟಕ್ಕಷ್ಟೆ. ಆದರೆ ತೇನಿ, ಕಂಬಂ ಕಡೆ ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಆಡುವ ಕುಟುಂಬಗಳಿವೆ. ಮಂಡಿಯ ಲೆಕ್ಕ ಬರೆಯುವ ಹಿರಿಯರು ಅಂಥವರು. ಅವರ ಕನ್ನಡ ಬೇರೆ, ನಮ್ಮ ಕರಾವಳಿಯದ್ದು ಬೇರೆ, ಕೆಲಸಕ್ಕೇನೂ ಅಡ್ಡಿಯಾಗಲಿಲ್ಲ.

ರೈತನ ಮಾವು ತೂಕವಾದ ಕೂಡಲೇ ಅವನ ಮೊಬೈಲಿನಲ್ಲಿ ಲೆಕ್ಕ ಕಾಣಬೇಕು. ತೂಕ ಯಾವಾಗ ಆಗುತ್ತದೋ ಗೊತ್ತಿಲ್ಲ. ಹಾಗಾಗಿ ಪುಟ "ಆದಾಗ ಇದನ್ನು ಮಾಡು" ಎಂದು ಹೇಳಿಟ್ಟು ತನ್ನ ಬೇರೆ ಕೆಲಸಕ್ಕೆ ಹೋಗುತ್ತದೆ. ಹೀಗೆ ಹೇಳಿಟ್ಟ ಕೆಲಸವೇ ಕಾಲ್‌ಬ್ಯಾಕ್.

ಹಿರಿಯರು ಕೇಳಿದರು: "ತಂಬಿ, ತೂಕ ಮುಗಿದ ಮೇಲೆ ಪುಟ ತೆರೆದವನಿಗೆ ಏನು ಕಾಣುತ್ತೆ?"

ಲೈಬ್ರರಿ ಕಟ್ಟುವವರಿಗೂ ಇದೇ ಪ್ರಶ್ನೆ. 2011ರಲ್ಲಿ ಬಂದ ಜೆಕ್ವೆರಿ 1.7 ಕಾಲ್‌ಬ್ಯಾಕ್‌ಗಳ ಪಟ್ಟಿಗೆ ನಾಲ್ಕು ಆಯ್ಕೆ ಕೊಟ್ಟಿತು. 'ಒನ್ಸ್' ಎಂದರೆ ಪಟ್ಟಿಯನ್ನು ಒಂದೇ ಸಲ ಕರೆ. 'ಮೆಮೊರಿ' ಎಂದರೆ ಕೊನೆಯ ಉತ್ತರ ನೆನಪಿಟ್ಟು, ಆಮೇಲೆ ಸೇರಿದವರಿಗೂ ಕೊಡು. 'ಯೂನಿಕ್' ಎಂದರೆ ಒಂದನ್ನೇ ಎರಡು ಸಲ ಸೇರಿಸಬೇಡ. 'ಸ್ಟಾಪ್ ಆನ್ ಫಾಲ್ಸ್' ಎಂದರೆ ಒಂದು ಕಾಲ್‌ಬ್ಯಾಕ್ 'ಇಲ್ಲ' ಎಂದರೆ ಅಲ್ಲಿಗೇ ನಿಲ್ಲಿಸು.

ಮಂಡಿಗೆ ಬೇಕಾದದ್ದು ಮೊದಲ ಎರಡು. ಒಂದು ಲೋಡಿನ ಲೆಕ್ಕ ಎರಡು ಸಲ ಬಂದರೆ ಹಣದ ವಿಷಯದಲ್ಲಿ ಜಗಳ ಖಂಡಿತ. ತಡವಾಗಿ ನೋಡಿದವನಿಗೆ ಏನೂ ಕಾಣದಿದ್ದರೆ ನಂಬಿಕೆಯೇ ಹೋಗುತ್ತದೆ.

ಮೆಮೊರಿಯ ಅರ್ಥ ನಮ್ಮ ಮನೆಗಳಿಗೆ ಹೇಳಿಕೊಡಬೇಕಿಲ್ಲ. ಉಪ್ಪ ಗಲ್ಫ್‌ನಿಂದ ಪಕ್ಕದ ಮನೆಗೆ ಫೋನ್ ಮಾಡುತ್ತಿದ್ದ ಕಾಲ. ಉಮ್ಮ ಓಡಿ ಹೋಗುವಷ್ಟರಲ್ಲಿ ಲೈನ್ ಕಟ್ಟಾಗಿರುತ್ತಿತ್ತು. ಆದರೂ ಆ ಮನೆಯಾಕೆ ಉಪ್ಪ ಹೇಳಿದ್ದನ್ನೆಲ್ಲ ನೆನಪಿಟ್ಟು ಒಂದೂ ಬಿಡದೆ ಒಪ್ಪಿಸುತ್ತಿದ್ದರು.

ಇನ್ನೊಂದು ಮಾತು ಉಳಿದಿದೆ. ತೂಕದ ಯಂತ್ರವೇ ಕೈಕೊಟ್ಟರೆ? ಜೆಕ್ವೆರಿಯ ಹಳೆಯ ಆವೃತ್ತಿಗಳಲ್ಲಿ, ಸರಪಳಿಯ ಒಂದು ಕಾಲ್‌ಬ್ಯಾಕ್ ಒಳಗೇ ದೋಷ ಎದ್ದರೆ ಮುಂದಿನ ಕೊಂಡಿಗೆ ಸುದ್ದಿ ಮುಟ್ಟುತ್ತಿರಲಿಲ್ಲ. 2016ರ 3.0 ಆವೃತ್ತಿಯಿಂದ ಅಂಥ ದೋಷವೂ 'ಸೋಲು' ಎಂಬ ಉತ್ತರವಾಗಿ ಮುಂದಕ್ಕೆ ಸಾಗುತ್ತದೆ. ಕಾಯುವವನಿಗೆ ಕೆಟ್ಟ ಸುದ್ದಿಯೂ ಸುದ್ದಿಯೇ.

ಹಾಗಾಗಿ ಆ ಪುಟದಲ್ಲಿ ಸೋಲಿಗೂ ಒಂದು ಸಾಲು ಇಟ್ಟೆ: "ತೂಕ ದಾಖಲಾಗಿಲ್ಲ, ಕೌಂಟರಿಗೆ ಬನ್ನಿ." ಅದನ್ನು ತಮಿಳಿನಲ್ಲಿ ಬರೆದುಕೊಟ್ಟವರು ಆ ಹಿರಿಯರೇ. ಕೋಡಿಂಗ್ ಕಲಿಯುತ್ತಿರುವ ನಮ್ಮ ಮಕ್ಕಳು ಆ ಸಾಲನ್ನೇ ಮೊದಲು ಬರೆಯಲಿ.