ಹೆಗಲ ಮೇಲಿನ ಬೂದಿ

ಕನ್ನಡ ಪಾಠ ಹೇಳುವವನ ಬಳಿ ಹಣವಿರಲಿ ಇಲ್ಲದಿರಲಿ, ಗಾದೆಗಳಿಗೆ ಬಡತನವಿಲ್ಲ. 'ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ' ಎಂಬುದನ್ನು ನಾನು ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಬಿಡಿಸಿ ಹೇಳುತ್ತ ಬಂದಿದ್ದೇನೆ. ಮೊದಮೊದಲು ವಿವರಣೆ ಬೇಕಾಗುತ್ತಿರಲಿಲ್ಲ. ಈಗಿನ ಮಕ್ಕಳು ಕೇಳುತ್ತಾರೆ: "ಹೆಗಲೇ ಯಾಕೆ ಸಾರ್? ಕಿವಿ ಯಾಕೆ ಮುಟ್ಟಿಕೊಳ್ಳಲಿಲ್ಲ?" ತಪ್ಪು ಅವರದಲ್ಲ. ಅಂಗಡಿಯಲ್ಲಿ ತುಂಡು ಮಾಡಿಟ್ಟ ಹಳದಿಯ ಸಿಹಿಗುಂಬಳವನ್ನಷ್ಟೇ ಅವರು ಬಲ್ಲರು. ಬೂದುಗುಂಬಳ ಬಲಿತಾಗ ಮೈಮೇಲೆ ಸುಣ್ಣದ ಹಿಟ್ಟಿನಂಥ ಬೂದಿ ಕಟ್ಟುತ್ತದೆ, ಹೊತ್ತವನ ಹೆಗಲಿಗೆ ಅದು ಮೆತ್ತಿಕೊಳ್ಳುತ್ತದೆ, ಕಳ್ಳನಿಗೆ ಅದರದೇ ದಿಗಿಲು ಎಂದು ಹೇಳುತ್ತೇನೆ. ಒಮ್ಮೆ ಒಬ್ಬ ಹುಡುಗಿ, "ನೀವು ಹೊತ್ತಿದ್ದೀರಾ ಸಾರ್?" ಎಂದು ಕೇಳಿದಳು. "ಹಳ್ಳಿಗಳ ಕಡೆ ಹೊರುತ್ತಾರಮ್ಮ" ಎಂದೆ. ವ್ಯಾಕರಣದ ದೃಷ್ಟಿಯಿಂದ ಆ ವಾಕ್ಯದಲ್ಲಿ ತಪ್ಪೇನೂ ಇಲ್ಲ.

ನಿಜ ಹೇಳಬೇಕೆಂದರೆ ನಾನು ಓದಿದ್ದೇ ಬೂದುಗುಂಬಳದ ದುಡ್ಡಿನಲ್ಲಿ. ಯಲಹಂಕದಿಂದ ದೊಡ್ಡಬಳ್ಳಾಪುರದ ರಸ್ತೆ ಹಿಡಿದು, ರಾಜಾನುಕುಂಟೆ ದಾಟಿ, ಒಂದಿಷ್ಟು ಒಳಕ್ಕೆ ಹೋದರೆ ನಮ್ಮ ಎರಡೂವರೆ ಎಕರೆ ಸಿಗುತ್ತದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಲ ಹೊಲಗಳಲ್ಲಿ ರಾಗಿಗಿಂತ ಹೆಚ್ಚಾಗಿ ಸೈಟಿನ ಕಲ್ಲುಗಳು ಬೆಳೆದಿವೆ. ನಮ್ಮದು ಇನ್ನೂ ಹೊಲವಾಗಿಯೇ ಉಳಿದಿರುವುದು ಅಣ್ಣನಿಂದ. ಎಂ.ಎ. ಮಾಡಿದವನು ನಾನು, ಹೊಲ ಮಾಡಿದವನು ಅವನು. ಅಪ್ಪ ಕಾಯಿಲೆ ಬಿದ್ದಾಗ ಇಬ್ಬರಲ್ಲಿ ಒಬ್ಬರು ಪುಸ್ತಕ ಕೆಳಗಿಡಬೇಕಾಗಿತ್ತು. ದೊಡ್ಡವನಾದ್ದರಿಂದ ಅವನು ಇಟ್ಟ. ಈ ವಿಷಯ ನಮ್ಮಲ್ಲಿ ಎಂದೂ ಚರ್ಚೆಗೆ ಬಂದಿಲ್ಲ.

ಅಪ್ಪನ ಕಾಲದಲ್ಲಿ ಸಿಹಿಗುಂಬಳವೂ ಇತ್ತು. 1967ರಲ್ಲಿ ಹೆಸರಘಟ್ಟದಲ್ಲಿ ಸ್ಥಾಪನೆಯಾದ ತೋಟಗಾರಿಕಾ ಸಂಶೋಧನಾ ಸಂಸ್ಥೆ ನಮಗೆ ದೂರವಲ್ಲ. ಅಲ್ಲಿಯ 'ಅರ್ಕಾ ಚಂದನ್' ತಳಿಯ ಬೀಜ ತಂದು ಹಾಕಿದ್ದರು. ಎರಡು ಮೂರು ಕೆ.ಜಿ. ತೂಗುವ, ಸಂಸಾರಸ್ಥರಿಗೆ ಹೇಳಿ ಮಾಡಿಸಿದಂಥ ಕಾಯಿ. ಆದರೆ ಅಣ್ಣ ಬೂದುಗುಂಬಳಕ್ಕೇ ನಿಂತ. ಸಿಹಿಗುಂಬಳವನ್ನು ಜನ ಬೇಕೆನಿಸಿದರೆ ಕೊಳ್ಳುತ್ತಾರೆ, ಆಯುಧಪೂಜೆಯ ದಿನ ಬೂದುಗುಂಬಳವನ್ನು ಬೇಡವೆನ್ನುವ ಗಾಡಿ ಬೆಂಗಳೂರಿನಲ್ಲಿ ಇಲ್ಲ ಎಂಬುದು ಅವನ ಅರ್ಥಶಾಸ್ತ್ರ.

ಈ ಅರ್ಥಶಾಸ್ತ್ರಕ್ಕೆ ಒಂದು ತೊಡಕುಂಟು. ಬಳ್ಳಿಗೆ ಪಂಚಾಂಗ ತಿಳಿಯದು. ಬೀಜ ಊರಿದ ಸುಮಾರು ನಾಲ್ಕು ತಿಂಗಳಿಗೆ ಕಾಯಿ ಬೂದಿ ಕಟ್ಟುತ್ತದೆ. ಹಬ್ಬವಾದರೋ ವರ್ಷಕ್ಕೊಂದು ತಾರೀಖಿಗೆ ಓಡಾಡುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದು ಆಯುಧಪೂಜೆ ಅಕ್ಟೋಬರ್ 23ಕ್ಕೆ ಹೋಯಿತು. 2025ರಲ್ಲಿ ಅಕ್ಟೋಬರ್ 1ಕ್ಕೇ ಬಂದುಬಿಟ್ಟಿತು. ಆದ್ದರಿಂದ ಯುಗಾದಿಯ ದಿನ ಹೊಸ ಪಂಚಾಂಗ ಕೈಗೆ ಬಂದೊಡನೆ ಅಣ್ಣ ರಾಶಿಫಲ ನೋಡುವುದಿಲ್ಲ, ಮಹಾನವಮಿ ಎಂದು ಎಂಬುದನ್ನು ನೋಡಿ ಬೆರಳು ಮಡಿಸುತ್ತ ಹಿಂದಕ್ಕೆ ಎಣಿಸುತ್ತಾನೆ.

ಗುಣಿ ತೆಗೆದು, ಕೊಟ್ಟಿಗೆ ಗೊಬ್ಬರ ತುಂಬಿ, ಬೀಜ ಹಾಕಿದ ಮೇಲೆ ಬಳ್ಳಿ ತನ್ನ ಪಾಡಿಗೆ ಹಬ್ಬುತ್ತದೆ. ಮೊದಲು ಬರುವುದೆಲ್ಲ ಗಂಡು ಹೂವು. ಹೊಲದ ತುಂಬ ಹಳದಿ. ಒಂದಾದರೂ ಕಾಯಿ ಕಚ್ಚುವುದಿಲ್ಲ. ಆಮೇಲೆ, ಬುಡದಲ್ಲಿ ಪುಟ್ಟ ಗುಂಡು ಹೊತ್ತ ಹೆಣ್ಣು ಹೂವು ಒಂದೊಂದಾಗಿ ಕಾಣುತ್ತದೆ. ಬೆಳಗಿನ ಕೆಲವೇ ಗಂಟೆ ಅದರ ಬಾಗಿಲು ತೆರೆದಿರುತ್ತದೆ. ಅಷ್ಟರೊಳಗೆ ಜೇನು ಬಂದರೆ ಬಂತು. ಅದಕ್ಕೇ ಹೂವಿನ ದಿನಗಳಲ್ಲಿ ಅಣ್ಣ ಬೆಳಗ್ಗೆ ಔಷಧಿ ಹೊಡೆಯಗೊಡುವುದಿಲ್ಲ. ಹೀಚಾದ ಮೇಲೆ ಊಜಿ ನೊಣದ ಕಾಟ. ಅದು ಎಳೆಯ ಕಾಯಿಗೆ ಚುಚ್ಚಿ ಮೊಟ್ಟೆಯಿಡುತ್ತದೆ. ಮೇಲೆ ನೋಡಿದರೆ ಸೂಜಿ ತಾಗಿದಷ್ಟು ಗುರುತು, ಒಳಗೆಲ್ಲ ಹುಳು. ಎಳೆಗಾಯಿಯ ಮೈಮೇಲೆ ಕೈಗೆ ಚುಚ್ಚುವಂಥ ಕೂದಲಿರುತ್ತದೆ. ಬಲಿಯುತ್ತ ಬಂದಂತೆ ಅದು ಉದುರಿ ಬೂದಿ ಕೂರುತ್ತದೆ. ನೆಲದ ತೇವಕ್ಕೆ ಕೊಳೆಯದಿರಲೆಂದು ಪ್ರತಿಯೊಂದರ ಅಡಿಗೂ ಅತ್ತಿಗೆ ಹುಲ್ಲು ಹಾಸುತ್ತಾರೆ. ಎಳೆಯ ಮಗುವನ್ನು ಮಲಗಿಸುವಂತೆ, ಎಂದು ಬರೆಯಲು ಹೊರಟೆ; ಅತ್ತಿಗೆ ಓದಿದರೆ ನಕ್ಕಾರು. ಇನ್ನೂರು ಕಾಯಿಗೆ ಬಗ್ಗಿ ಎದ್ದವರ ಸೊಂಟಕ್ಕೆ ಉಪಮಾಲಂಕಾರ ಹತ್ತುವುದಿಲ್ಲ.

2023 ಬರದ ವರ್ಷ. ಕೊಳವೆಬಾವಿ ಗಂಟೆ ಹೊತ್ತು ನೀರು ಕೊಟ್ಟು ಕೆಮ್ಮುತ್ತಿತ್ತು. ಆದರೂ ಕಾಯಿ ಬಂತು. ಹಬ್ಬಕ್ಕೆ ನಾಲ್ಕು ದಿನವಿರುವಾಗ ಮಂಡಿಯಲ್ಲಿ ವಿಚಾರಿಸಿದರೆ ಕೆ.ಜಿ.ಗೆ ಹನ್ನೆರಡು ರೂಪಾಯಿ. ತಮಿಳುನಾಡಿನ ಲಾರಿಗಳು ಬಂದಿವೆ ಎಂದರಂತೆ. ಕಮಿಷನ್ನು, ಹಮಾಲಿ, ಬಾಡಿಗೆ ಕಳೆದರೆ ಉಳಿಯುವುದು ತೊಟ್ಟು ಮಾತ್ರ. "ನಾವೇ ರಸ್ತೇಲಿ ನಿಂತು ಮಾರೋಣ" ಎಂದ ಅಣ್ಣ. ಹಬ್ಬದ ಹಿಂದಿನ ದಿನ ಭಾನುವಾರ, ನನಗೆ ರಜ. ಎಲ್ಲಿ ನಿಲ್ಲೋಣ ಎಂಬ ಪ್ರಶ್ನೆ ಬಂದಾಗ ನಾನು ಆರ್.ಟಿ. ನಗರ ಸೂಚಿಸಿದೆ. ಅಲ್ಲಿ ಗಾಡಿಗಳು ಹೆಚ್ಚು ಎಂಬ ಕಾರಣ ಕೊಟ್ಟೆ. ನನ್ನ ಕಾಲೇಜಿಗೂ ಮನೆಗೂ ದೂರ ಎಂಬುದನ್ನು ಹೇಳಲಿಲ್ಲ.

ಮುಂಜಾನೆ ಇಬ್ಬರೂ ಸೇರಿ ಕಾಯಿ ಹೊತ್ತು ಟೆಂಪೋ ತುಂಬಿದೆವು. ವ್ಯಾಪಾರ ಚೆನ್ನಾಗಿಯೇ ನಡೆಯಿತು. ಚಿಕ್ಕದು ಐವತ್ತು, ನಡುವಿನದು ಎಂಬತ್ತು, ದೊಡ್ಡದು ನೂರಿಪ್ಪತ್ತು. ಹತ್ತು ಗಂಟೆಯ ಹೊತ್ತಿಗೆ ಅಣ್ಣ, "ಒಂದ್ ಗಳಿಗೆ ನೋಡ್ಕೊ, ಕಾಫಿ ತತ್ತೀನಿ" ಎಂದು ಹೋದ. ಅವನು ಮರೆಯಾಗುತ್ತಲೇ ಒಂದು ಕಾರು ಬಂದು ನಿಂತಿತು. ಇಳಿದವರು ನಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುವ ಸಹೋದ್ಯೋಗಿ.

"ಏನು ಸಾರ್, ತಾವಿಲ್ಲಿ?"

"ಹೀಗೇ... ಸ್ಕೂಟರಿಗೆ ಒಂದು ಕಾಯಿ ಬೇಕಾಗಿತ್ತು."

ಮಾತು ಮುಗಿಯುವ ಮೊದಲೇ ನನ್ನ ಎಡಗೈ ತಾನಾಗಿ ಬಲಹೆಗಲಿನ ಮೇಲೆ ಹೋಗಿ ಎರಡು ಸಲ ಒದರಿತು. ಬೂದಿ ಇತ್ತು.

"ಯಲಹಂಕದಿಂದ ಇಷ್ಟು ದೂರ ಬಂದಿರಾ?"

"ಇವರ ಕಾಯಿ ಚೆನ್ನಾಗಿರುತ್ತದೆ" ಎಂದೆ. ಆ ದಿನ ನಾನಾಡಿದ ಒಂದೇ ಸತ್ಯ ಅದು.

ತಿರುಗಿದರೆ ಅಣ್ಣ ಎರಡು ಕಾಗದದ ಲೋಟ ಹಿಡಿದು ನಿಂತಿದ್ದ. ಎಷ್ಟು ಹೊತ್ತಿನಿಂದಲೋ ತಿಳಿಯದು. ಲೋಟಗಳನ್ನು ಟೆಂಪೋದ ಚಕ್ರದ ಮರೆಯಲ್ಲಿಟ್ಟು, ನನ್ನ ಮುಂದಿದ್ದ ಕಾಯನ್ನು ಎತ್ತಿ, "ಸ್ವಾಮಿ, ತಾವು ಆರಿಸಿದ್ದು ಇದೇ ತಾನೆ? ಎಂಬತ್ತಾಯ್ತದೆ" ಎಂದ. ನಲವತ್ತು ಚಿಲ್ಲರೆ ವರ್ಷಗಳಲ್ಲಿ ಅವನು ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು.

ಸಹೋದ್ಯೋಗಿಗಳು ನನ್ನ ಪರವಾಗಿ ಚೌಕಾಸಿಗೆ ನಿಂತರು. "ನಮ್ಮ ಮೇಷ್ಟ್ರು ಕಣಪ್ಪ, ಎಪ್ಪತ್ತು ಮಾಡ್ಕೊ."

"ಆಗಲ್ಲ ಸಾರ್. ಬೆಳೆದೋರಿಗೆ ಗಿಟ್ಟಲ್ಲ."

ನೂರರ ನೋಟು ಕೊಟ್ಟೆ. ಅಣ್ಣ ಇಪ್ಪತ್ತು ಎಣಿಸಿ ಕೊಟ್ಟ. ಸಹೋದ್ಯೋಗಿಗಳು ದೊಡ್ಡದೊಂದನ್ನು ಕೊಂಡು, ಮನೆಯವರೆಗೆ ಬಿಡುತ್ತೇನೆ ಬನ್ನಿ ಎಂದು ಒತ್ತಾಯಿಸಿದರು. ಸ್ಕೂಟರ್ ಆಚೆ ಬೀದಿಯಲ್ಲಿದೆಯೆಂದು ಇನ್ನೊಂದು ಸುಳ್ಳು ಹೇಳಿ, ಕಾಯಿ ಅವಚಿಕೊಂಡು ತಿರುವಿನವರೆಗೆ ನಡೆದು, ಒಂದು ಔಷಧಿ ಅಂಗಡಿಯ ಮುಂದೆ ಅವರ ಕಾರು ಹೋಗುವವರೆಗೂ ನಿಂತಿದ್ದೆ. ಮರಳಿ ಬಂದಾಗ ಅಣ್ಣ ನನ್ನ ಲೋಟ ಮುಂದೆ ಮಾಡಿದ. "ಆರೋಗದೆ. ಕುಡಿ."

ಸಂಜೆಯ ಹೊತ್ತಿಗೆ ಹದಿನೈದು ಇಪ್ಪತ್ತು ಕಾಯಿ ಉಳಿದವು. ಮಾರನೆಯ ದಿನ ಊರೆಲ್ಲ ಒಡೆದ ಹೋಳು. ಅದರ ಮೇಲೆ ದ್ವಿಚಕ್ರದವರು ಜಾರದಂತೆ ತೆಗೆದುಹಾಕಿ ಎಂದು ಪೊಲೀಸರು ಪ್ರತಿವರ್ಷ ಕೇಳಿಕೊಳ್ಳುತ್ತಲೇ ಇರುತ್ತಾರೆ. ನಾನು ಕೊಂಡ ಕಾಯನ್ನು ಒಡೆಯಲಿಲ್ಲ. "ಮನೆಯ ಕಾಯಿಗೆ ದುಡ್ಡು ಕೊಟ್ಟಿರಾ?" ಎಂದು ಹೆಂಡತಿ ಅಚ್ಚರಿಪಟ್ಟಳು. ಉತ್ತರ ಹೊಳೆಯಲಿಲ್ಲ. ತೊಟ್ಟು ಮುರಿಯದ ಬೂದುಗುಂಬಳ ತಿಂಗಳುಗಟ್ಟಲೆ ಕೆಡುವುದಿಲ್ಲ. ನೆಲುವಿನಲ್ಲಿ ತೂಗಿ ಬಿಟ್ಟು, ಬೇಸಗೆ ಬಂದಾಗ ಅವಳು ಅರಳು ಸಂಡಿಗೆ ಇಟ್ಟಳು.

ಯುಗಾದಿಗೆ ಊರಿಗೆ ಹೋದೆವು. ಹೋಳಿಗೆಯ ಊಟವಾದ ಮೇಲೆ ವರ್ಷದ ಲೆಕ್ಕವನ್ನು ನನ್ನಿಂದ ಕೂಡಿಸುವುದು ಅಪ್ಪ ಮಾಡಿದ ಪದ್ಧತಿ. ಅಣ್ಣನಿಗೆ ಲೆಕ್ಕ ನನಗಿಂತ ಚೆನ್ನಾಗಿ ಬರುತ್ತದೆ; ಆದರೂ ಉದ್ದನೆಯ ಪುಸ್ತಕವನ್ನು ನನ್ನ ಮುಂದಿಟ್ಟು ಹೊಸ ಪಂಚಾಂಗ ಬಿಡಿಸಿದ. 22-10-2023ರ ಪುಟದಲ್ಲಿ ಚಿಕ್ಕದು ಇಷ್ಟು, ನಡುವಿನದು ಇಷ್ಟು, ದೊಡ್ಡದು ಇಷ್ಟು ಎಂದು ಮೂರು ಸಾಲು. ಕೊಂಡವರ ಹೆಸರು ಒಂದೂ ಇಲ್ಲ. ಅವುಗಳ ಕೆಳಗೆ, ಬೇರೆಯಾಗಿ, ನಾಲ್ಕನೆಯ ಸಾಲು: 'ಮೇಷ್ಟ್ರು, ಕಾಯಿ 1, ರೂ. 80.'

ತಲೆಯೆತ್ತಿ ನೋಡಿದೆ. ಅಣ್ಣ ಮಹಾನವಮಿಯಿಂದ ಹಿಂದಕ್ಕೆ ಬೆರಳು ಮಡಿಸುತ್ತಿದ್ದ. ನಾನು ಎಂಬತ್ತನ್ನೂ ಸೇರಿಸಿ ಮೊತ್ತ ಬರೆದೆ.