ಡೆಟ್ರಾಯಿಟ್‌ನಲ್ಲೊಂದು ಮಂದ್ರ ಸ್ಥಾಯಿ

ಕಾರುಗಳ ಊರೆಂದು ಹೆಸರಾದ ಅಮೆರಿಕದ ಡೆಟ್ರಾಯಿಟ್‌ಗೆ ಹೋದವರು ಸಾಮಾನ್ಯವಾಗಿ ಕಾರಿನ ಕಾರ್ಖಾನೆ ನೋಡುತ್ತಾರೆ, ಇಲ್ಲವೇ ನದಿಯ ದಂಡೆಯಲ್ಲಿ ನಿಂತು ಆಚೆ ದಡದ ಕೆನಡಾ ಕಾಣುವಂತೆ ಫೋಟೋ ತೆಗೆಸಿಕೊಳ್ಳುತ್ತಾರೆ. 2018ರ ಜೂನ್‌ನಲ್ಲಿ ಅಕ್ಕನ ಮನೆಗೆಂದು ಹೋಗಿದ್ದ ನಾವು ಎರಡನ್ನೂ ಮಾಡಿದೆವು. ಆದರೆ ಆ ಪ್ರವಾಸದ ಮಾತು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ನೆನಪಾಗುವುದು ಅವೆರಡೂ ಅಲ್ಲ. ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್ ಎಂಬ ಅಗಲ ರಸ್ತೆಯ 2648ನೇ ನಂಬರಿನ ಒಂದು ಸಾಧಾರಣ ಮನೆ.

ಅಲ್ಲಿಗೆ ಹೋಗಲು ಕಾರಣ ನನ್ನ ಮಗಳು. ಆ ವರ್ಷ ಅವಳು ದ್ವಿತೀಯ ಪಿಯುಸಿ ಮುಗಿಸಿದ್ದಳು. ಅದರ ಜೊತೆಗೇ ಮೈಸೂರಿನಲ್ಲಿ ಬಾಸ್ ಗಿಟಾರಿನ ಆರು ತಿಂಗಳ ಪ್ರಾರಂಭಿಕ ತರಗತಿಯನ್ನೂ ಮುಗಿಸಿದ್ದಳು. ಕೊನೆಯ ದಿನ ಒಂದು ಪ್ರಮಾಣಪತ್ರ ಕೊಟ್ಟರು, ಒಂದು ಗ್ರೂಪ್ ಫೋಟೋ ತೆಗೆದರು. ಮುಂದೇನು ಎಂದು ಮಾತ್ರ ಯಾರೂ ಹೇಳಲಿಲ್ಲ.

ನಮ್ಮ ಕರ್ನಾಟಕ ಸಂಗೀತದಲ್ಲಾದರೆ ಈ ಚಿಂತೆಯಿಲ್ಲ. ಸರಳೆ, ಜಂಟಿ, ಅಲಂಕಾರ, ಗೀತೆ, ಸ್ವರಜತಿ, ವರ್ಣ, ಆಮೇಲೆ ಕೃತಿ. ದಾರಿ ಹಾಕಿಟ್ಟಿದೆ, ನಡೆಯುವುದಷ್ಟೇ ಕೆಲಸ. ಬಾಸ್ ಕಲಿತವರ ಮುಂದೆ ಅಂಥ ಒಂದೇ ದಾರಿ ಇಲ್ಲ. ಮಗಳಿಗೆ ಮೂರು ಯೋಚನೆಗಳಿದ್ದವು. ಎಲ್ಲರ ಕಣ್ಣಿಗೆ ಬೀಳುವ ಲೀಡ್ ಗಿಟಾರಿಗೆ ಬದಲಾಯಿಸುವುದು. ಗ್ರೇಡ್ ಪರೀಕ್ಷೆಗೆ ಕೂರುವುದು. ಇಲ್ಲವೇ ಡಿಗ್ರಿ ಮುಗಿಯುವವರೆಗೆ ವಾದ್ಯವನ್ನು ಅಟ್ಟಕ್ಕೆ ಹಾಕುವುದು. ಮೂರನೆಯದು ಅವಳದಲ್ಲ, ನನ್ನದು. ‘ಹೇಗೂ ಒಂದು ಘಟ್ಟ ಮುಗಿಯಿತಲ್ಲ, ಇಲ್ಲಿಗೆ ನಿಲ್ಲಿಸು’ ಎಂದು ನಾನು ಹೇಳಿಬಿಟ್ಟಿದ್ದೆ. ನಾನೂ ಎಸ್ಸೆಸ್ಸೆಲ್ಸಿ ವರ್ಷ ಪರೀಕ್ಷೆಯ ನೆಪದಲ್ಲಿ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟವನೇ. ಗೀತೆಯವರೆಗೆ ಬಂದಿದ್ದೆ. ಮತ್ತೆ ಮುಟ್ಟಲಿಲ್ಲ.

ಬಾಸ್ ಗಿಟಾರ್ ಎಂದರೇನೆಂದು ತಿಳಿಯದವರಿಗೆ ಎರಡು ಮಾತು. ನೋಡಲು ಗಿಟಾರಿನಂತೆಯೇ ಇದ್ದರೂ ಸಾಮಾನ್ಯವಾಗಿ ನಾಲ್ಕೇ ತಂತಿ. ಮಾಮೂಲಿ ಗಿಟಾರಿನ ಕೆಳಗಿನ ನಾಲ್ಕು ಸ್ವರಗಳಿಗಿಂತ ಒಂದು ಸ್ಥಾಯಿ ಕೆಳಗೆ ಅದನ್ನು ಶ್ರುತಿ ಮಾಡುತ್ತಾರೆ. ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಕಿವಿಗಿಂತ ಎದೆಗೆ ಮೊದಲು ಗೊತ್ತಾಗುತ್ತದೆ. ಡ್ರಮ್ಮಿನ ಲಯವನ್ನೂ ಹಾಡಿನ ಸ್ವರವನ್ನೂ ಕಟ್ಟಿ ಹಿಡಿಯುವುದು ಅದರ ಕೆಲಸ. ಇದ್ದಾಗ ಯಾರೂ ಗಮನಿಸುವುದಿಲ್ಲ, ನಿಂತರೆ ಹಾಡು ಬರಿದಾಗುತ್ತದೆ. ಲಿಯೋ ಫೆಂಡರ್ ಅವರ ಕಂಪನಿ 1951ರಲ್ಲಿ ‘ಪ್ರಿಸಿಷನ್ ಬಾಸ್’ ಹೊರತಂದ ಮೇಲೆ, ಆಳೆತ್ತರದ ಡಬಲ್ ಬಾಸ್ ಹೊತ್ತು ತಿರುಗುತ್ತಿದ್ದವರಿಗೆ ಹೆಗಲಿಗೆ ತೂಗುಹಾಕುವ ವಾದ್ಯ ಸಿಕ್ಕಿತು.

ಒಂದು ಬೆಳಿಗ್ಗೆ ಭಾವ ನಮ್ಮನ್ನು ಕಾರಿನಲ್ಲಿ ಕರೆದೊಯ್ದರು. ದೊಡ್ಡದಾದ ಹೆನ್ರಿ ಫೋರ್ಡ್ ಆಸ್ಪತ್ರೆ ಇರುವ ರಸ್ತೆಯಲ್ಲೇ ಆ ಮನೆ. ಬಿಳಿ ಗೋಡೆ, ನೀಲಿ ಅಂಚು, ಮುಂದೆ ಸಣ್ಣ ಹುಲ್ಲುಹಾಸು, ಮೇಲೆ ‘ಹಿಟ್ಸ್‌ವಿಲ್ ಯು.ಎಸ್.ಎ.’ ಎಂಬ ಬರಹ. ‘ಇಷ್ಟೇನಾ?’ ಎಂದಿತು ನನ್ನ ಮನಸ್ಸು. ನಮ್ಮ ಸರಸ್ವತಿಪುರಂನಲ್ಲಿ ಇದಕ್ಕಿಂತ ದೊಡ್ಡ ಮನೆಗಳು ಬೇಕಾದಷ್ಟಿವೆ.

ಬೆರ್ರಿ ಗಾರ್ಡಿ ಎಂಬ ಯುವಕ ಕಾರಿನ ಕಾರ್ಖಾನೆಯಲ್ಲಿ ದುಡಿದವನು. ಬರಿಯ ಚೌಕಟ್ಟು ಒಂದು ತುದಿಯಿಂದ ಹೊರಟು ಇನ್ನೊಂದು ತುದಿಯಲ್ಲಿ ಹೊಸ ಕಾರಾಗಿ ಬರುವುದನ್ನು ಕಂಡು, ಹಾಡನ್ನೂ ಹೀಗೇ ತಯಾರಿಸಬಹುದಲ್ಲ ಎಂದುಕೊಂಡವನು. 1959ರಲ್ಲಿ ಮನೆಮಂದಿಯ ಉಳಿತಾಯದಿಂದ 800 ಡಾಲರ್ ಸಾಲ ಪಡೆದು ಕಂಪನಿ ಶುರು ಮಾಡಿದ. ಅದೇ ವರ್ಷ, ಹಿಂದೆ ಫೋಟೋ ಸ್ಟುಡಿಯೋ ಆಗಿದ್ದ ಈ ಮನೆಯನ್ನು ಕೊಂಡ. ‘ಮೋಟರ್ ಟೌನ್’ ಎಂಬುದನ್ನು ಕುಗ್ಗಿಸಿ ‘ಮೋಟೌನ್’ ಎಂದು ಹೆಸರಾಯಿತು. 1972ರಲ್ಲಿ ಕಂಪನಿ ಲಾಸ್ ಏಂಜಲೀಸ್‌ಗೆ ಹೋಯಿತು. ಗಾರ್ಡಿಯ ಅಕ್ಕ ಎಸ್ತರ್ ಗಾರ್ಡಿ ಎಡ್ವರ್ಡ್ಸ್ ಹಳೆಯ ಸಾಮಾನುಗಳನ್ನು ಎಸೆಯದೆ ಕಾಪಾಡಿ 1985ರಲ್ಲಿ ಇದನ್ನು ವಸ್ತುಸಂಗ್ರಹಾಲಯ ಮಾಡಿದರು.

ಒಳಗೆ ಮಾರ್ಗದರ್ಶಿಯೊಬ್ಬರು ಗುಂಪು ಗುಂಪಾಗಿ ಕರೆದೊಯ್ಯುತ್ತಾರೆ. ಒಂದು ಕಡೆ ಚಾವಣಿಯಲ್ಲಿ ತೂತಿದೆ. ಅದರಡಿ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಮೇಲೆ ಹೋಗಿ ಗುಂಯ್ಗುಟ್ಟುತ್ತದೆ. ಹಾಡುಗಳಿಗೆ ಪ್ರತಿಧ್ವನಿ ಕೊಟ್ಟಿದ್ದು ಅದೇ. ಇನ್ನೊಂದೆಡೆ ಹಳೆಯ ಮಿಠಾಯಿ ಯಂತ್ರ. 1961ರಲ್ಲಿ 11 ವರ್ಷದ ಅಂಧ ಬಾಲಕನಾಗಿ ಇಲ್ಲಿಗೆ ಬಂದ ಸ್ಟೀವಿ ವಂಡರ್‌ಗೆ ಸುಲಭವಾಗಿ ಸಿಗಲೆಂದು ಅವನ ಮೆಚ್ಚಿನ ಚಾಕೊಲೆಟ್ಟನ್ನು ಯಾವಾಗಲೂ ಒಂದೇ ಖಾನೆಯಲ್ಲಿ ಇಡುತ್ತಿದ್ದರಂತೆ. ನಿಯಂತ್ರಣ ಕೊಠಡಿಯಲ್ಲಿ ನೆಲ ಒಂದು ಕಡೆ ಸವೆದಿದೆ. ಕೂತವರು ಕಾಲಿನಲ್ಲಿ ತಾಳ ಹಾಕಿ ಹಾಕಿ ಆದ ಸವೆತ!

ಅಲ್ಲಿಂದ ಕೆಳಗಿಳಿದರೆ ಸ್ಟುಡಿಯೋ ಎ. ಚಾವಣಿಯಿಂದ ಇಳಿಬಿದ್ದ ತಂತಿಗಳನ್ನು ಕಂಡು ವಾದ್ಯಗಾರರು ಇದನ್ನು ‘ಹಾವಿನ ಗುಂಡಿ’ ಎಂದು ಕರೆಯುತ್ತಿದ್ದರು. 1877ರ ಒಂದು ಸ್ಟೈನ್‌ವೇ ಪಿಯಾನೋ ಇದೆ. 2011ರಲ್ಲಿ ಇಲ್ಲಿಗೆ ಬಂದ ಬೀಟಲ್ಸ್ ಖ್ಯಾತಿಯ ಪಾಲ್ ಮೆಕಾರ್ಟ್ನಿ ಅದು ಕೆಟ್ಟು ಕೂತಿದ್ದನ್ನು ನೋಡಿ ದುರಸ್ತಿಗೆ ನೆರವಾದರು. ಮೆಕಾರ್ಟ್ನಿ ಕೂಡ ಬಾಸ್ ವಾದಕರೇ. ಅವರು ಗುರುವಿನಂತೆ ಮೆಚ್ಚಿದ ವಾದಕ ಈ ಕೋಣೆಯಲ್ಲೇ ಸ್ಟೂಲಿನ ಮೇಲೆ ಕೂತು ನುಡಿಸುತ್ತಿದ್ದವರು: ಜೇಮ್ಸ್ ಜೇಮರ್ಸನ್.

ಜೇಮರ್ಸನ್ ಹುಟ್ಟಿದ್ದು 1936ರಲ್ಲಿ, ದಕ್ಷಿಣ ಕ್ಯಾರೊಲಿನಾದಲ್ಲಿ. 1954ರಲ್ಲಿ ಡೆಟ್ರಾಯಿಟ್‌ಗೆ ಬಂದು ಶಾಲೆಯಲ್ಲಿದ್ದಾಗ ಡಬಲ್ ಬಾಸ್ ಹಿಡಿದರು. ಆಮೇಲೆ 1962ರ ಮಾದರಿಯ ಪ್ರಿಸಿಷನ್ ಬಾಸ್. ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. 1960ರ ದಶಕದಲ್ಲಿ ಈ ಮನೆಯಿಂದ ಹೊರಟ ಹೆಸರಾಂತ ಹಾಡುಗಳಲ್ಲಿ ಬಹುಪಾಲಿಗೆ ಬಾಸ್ ಅವರದೇ. ಆದರೆ ರೆಕಾರ್ಡಿನ ಹೊದಿಕೆಯ ಮೇಲೆ ವಾದ್ಯಗಾರರ ಹೆಸರು ಹಾಕುವ ಪದ್ಧತಿ ಇರಲಿಲ್ಲ. ಲಕ್ಷಾಂತರ ಜನ ಅವರನ್ನು ಕೇಳಿದರು, ಯಾರೆಂದು ತಿಳಿಯಲಿಲ್ಲ. ಮಾರ್ವಿನ್ ಗೇ ಅವರ 1971ರ ‘ವಾಟ್ಸ್ ಗೋಯಿಂಗ್ ಆನ್’ ರೆಕಾರ್ಡಿನ ಮೇಲೆ ಅವರ ಹೆಸರು ಬಂತು. ಕುಡಿತ ಆರೋಗ್ಯ ಕೆಡಿಸಿತು. 1983ರ ಆಗಸ್ಟ್‌ನಲ್ಲಿ, 47ರ ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲು ಆ ಬಾಸ್ ಕೂಡ ಕಳುವಾಗಿತ್ತು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಗೌರವಿಸಿದ್ದು 2000ದಲ್ಲಿ.

ಕೊನೆಗೆ ಮಾರ್ಗದರ್ಶಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ‘ಮೈ ಗರ್ಲ್’ ಹಾಡಿಸಿದರು. 1964ರಲ್ಲಿ ಇಲ್ಲೇ ಮುದ್ರಣವಾದ ಹಾಡು. ಅದು ಶುರುವಾಗುವುದು ಬಾಸ್‌ನಿಂದ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಷಡ್ಜ, ಪಂಚಮ, ಅಷ್ಟೇ. ಮಗಳು ಪಕ್ಕದಲ್ಲಿ ಗಾಳಿಯಲ್ಲೇ ಬೆರಳಾಡಿಸುತ್ತಿದ್ದಳು. ‘ಅಪ್ಪ, ಇದು ನನಗೆ ಎರಡನೇ ತಿಂಗಳಲ್ಲೇ ಬರುತ್ತಿತ್ತು. ಆದರೆ ಇವರ ಹಾಗೆ ಬರುವುದಿಲ್ಲ’ ಎಂದಳು.

ಹೊರಗೆ ಹುಲ್ಲಿನ ಬಳಿ ನಿಂತು ಮಾತಾಡಿದೆವು. ‘ನೋಡು, ಅಷ್ಟು ದೊಡ್ಡ ವಾದಕನಿಗೇ ಹೆಸರು ಸಿಗಲಿಲ್ಲ. ಇನ್ನು ನಿನಗೆ?’ ಎಂದೆ.

‘ನಾನು ಹೊಟ್ಟೆಪಾಡಿಗೆ ಇದನ್ನು ನಂಬುವುದಿಲ್ಲ ಅಪ್ಪ. ಬಿ.ಕಾಂ. ಓದುತ್ತೇನೆ. ಆದರೆ ಬಿಡು ಅನ್ನಬೇಡಿ. ನೀವು ಪಿಟೀಲು ಬಿಟ್ಟಿದ್ದನ್ನು ನಾನು ಹುಟ್ಟಿದಾಗಿನಿಂದ ಹೇಳುತ್ತಲೇ ಇದ್ದೀರಿ.’

ಭಾವ ಬೇರೆ ಕಡೆ ತಿರುಗಿ ನಕ್ಕರು. ನನಗೆ ಉತ್ತರ ಹೊಳೆಯಲಿಲ್ಲ.

ಊರಿಗೆ ಬಂದ ಮೇಲೆ ಅವಳು ತಾನೇ ಒಂದು ಕ್ರಮ ಹಾಕಿಕೊಂಡಳು. ಅದರಿಂದ ಬೇರೆ ಮಕ್ಕಳಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ. ಲೀಡ್ ಗಿಟಾರಿಗೆ ಹೋಗಲಿಲ್ಲ. ದಿನಕ್ಕೆ ಅರ್ಧ ಗಂಟೆ ಮೆಟ್ರೋನೋಮ್ ಇಟ್ಟುಕೊಂಡು ನಿಧಾನ ಕಾಲದಲ್ಲಿ ಅಭ್ಯಾಸ. ವಾರಕ್ಕೊಂದು ಹಾಡಿನ ಬಾಸನ್ನು ಪುಸ್ತಕ ನೋಡದೆ ಕಿವಿಯಿಂದಲೇ ಹುಡುಕಿ ಬರೆದುಕೊಳ್ಳುವುದು. ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬಾಸ್ ಕ್ಲೆಫ್ ಓದಲು ಕಲಿಯುವುದು. ಎಲ್ಲಕ್ಕಿಂತ ಮುಖ್ಯವಾಗಿ, ಡ್ರಮ್ಸ್ ನುಡಿಸುವ ಗೆಳತಿಯೊಬ್ಬಳ ಜೊತೆ ಭಾನುವಾರದ ಅಭ್ಯಾಸ. ಬಾಸ್ ಒಂಟಿಯಾಗಿ ಬೆಳೆಯುವ ವಾದ್ಯವಲ್ಲ.

ಗ್ರೇಡ್ ಪರೀಕ್ಷೆಯ ಬಗ್ಗೆ ತಂದೆತಾಯಂದಿರು ಕೇಳುತ್ತಾರೆ. ಲಂಡನ್ನಿನ ಟ್ರಿನಿಟಿ ಕಾಲೇಜ್, ರಾಕ್‌ಸ್ಕೂಲ್ ಎರಡೂ ಬಾಸ್‌ಗೆ 8ನೇ ಗ್ರೇಡಿನವರೆಗೆ ಪರೀಕ್ಷೆ ನಡೆಸುತ್ತವೆ, ನಮ್ಮ ದೇಶದಲ್ಲೂ ಕೊಡಬಹುದು. ಗುರಿಯೊಂದು ಬೇಕೆನ್ನುವ ಮಕ್ಕಳಿಗೆ ಒಳ್ಳೆಯದು. ಆದರೆ ಪರೀಕ್ಷೆಯ ಹಾಡುಗಳನ್ನಷ್ಟೇ ಉರು ಹೊಡೆದರೆ ಪ್ರಯೋಜನವಿಲ್ಲ. ದುಬಾರಿ ಆಂಪ್ಲಿಫೈಯರ್ ಬೇಕೆಂದೇನಿಲ್ಲ, ಹೆಡ್‌ಫೋನಿನಲ್ಲಿ ಅಭ್ಯಾಸ ಮಾಡಬಹುದು; ನೆರೆಹೊರೆಗೂ ಕ್ಷೇಮ. ಕೈ ಚಿಕ್ಕದಾದ ಮಕ್ಕಳಿಗೆ ಮಾಮೂಲಿ 34 ಅಂಗುಲದ ತಂತಿಯಳತೆಯ ಬದಲು 30 ಅಂಗುಲದ್ದು ಸಿಗುತ್ತದೆ.

ಮಗಳು 2019ರಲ್ಲಿ ಒಂದು ಗ್ರೇಡ್ ಮುಗಿಸಿದಳು. ಬಿ.ಕಾಂ. ಕೂಡ ಒಳ್ಳೆಯ ಅಂಕಗಳಲ್ಲೇ ಮುಗಿಯಿತು. ಈಗ ಬೆಂಗಳೂರಿನ ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿದ್ದಾಳೆ. ಭಾನುವಾರ ಮಧ್ಯಾಹ್ನ ನಾಲ್ಕು ಮಂದಿ ಗೆಳೆಯರ ಜೊತೆ ನುಡಿಸುತ್ತಾಳೆ. ಕೇಳಲು ಬರುವವರು ಬೆರಳೆಣಿಕೆಯ ಜನ. ಅವಳಿಗೆ ಅದರ ಬೇಸರವೇನೂ ಇದ್ದಂತಿಲ್ಲ.

ಹಬ್ಬಕ್ಕೆ ಬಂದಾಗ ಹಾಲಿನಲ್ಲಿ ಆಂಪ್ಲಿಫೈಯರ್ ಹಾಕಿ ಕೂತರೆ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಸ್ಟೀಲ್ ಲೋಟಗಳು ಗಲಗಲ ಎನ್ನುತ್ತವೆ. ಅವಳ ಅಮ್ಮ ಗದರುತ್ತಾಳೆ. ಹೋದ ವರ್ಷ ನಾನೂ ಅಟ್ಟದಿಂದ ಪಿಟೀಲು ಇಳಿಸಿ ಹೊಸ ತಂತಿ ಹಾಕಿಸಿದೆ. ಗೀತೆಯೆಲ್ಲ ಮರೆತುಹೋಗಿದೆ. ಸರಳೆ ವರಸೆ ಮುಗಿದು ಈಗ ಜಂಟಿ ವರಸೆಯಲ್ಲಿದ್ದೇನೆ.