ತೂಕದ ಮೇಲೆ ದರ

ಜಯನಗರದ ಕ್ಲಿನಿಕ್ಕು. ಪಕ್ಕದ ಮನೆ ರಾಯರ ಲ್ಯಾಬ್ರಡಾರ್ ಟಾಮಿಗೆ ಹದಿನಾಲ್ಕು ವರ್ಷ, ಎರಡೂ ಕಿಡ್ನಿ ಕೈಕೊಟ್ಟಿವೆ. ಒಳಗೆ ಹೋದ ಕೂಡಲೇ ಅದನ್ನು ತಕ್ಕಡಿಗೆ ಹತ್ತಿಸಿದರು. ಸಾಯಿಸುವ ಔಷಧಿಯ ಅಳತೆ ಕಿಲೋ ಲೆಕ್ಕದಲ್ಲಿ, ಆಮೇಲೆ ಸುಡುವವರ ದರವೂ ಕಿಲೋ ಲೆಕ್ಕದಲ್ಲಿ. ಊಟ ಬಿಟ್ಟು ನಾಯಿ ಇಳಿದುಹೋಗಿತ್ತು, ಹಾಗಾಗಿ ಬಿಲ್ಲೂ ಇಳಿಯಿತು. ಈ ಉಳಿತಾಯವನ್ನು ಯಾವ ಖಾತೆಗೆ ಬರೆಯುವುದು?

ದುಡ್ಡು ಮೊದಲೇ ಕಟ್ಟಿಸಿಕೊಂಡರು. ಎಂಥ ಜನ ಅಂದುಕೊಂಡೆ. ಆದರೆ ಖಾಲಿ ಬೆಲ್ಟು ಹಿಡಿದು ಹೊರಬಂದವರು ಕ್ಯೂಆರ್ ಕೋಡ್ ಮುಂದೆ ಪಿನ್ ಒತ್ತುತ್ತಾ ನಿಲ್ಲುವುದಕ್ಕಿಂತ ಇದೇ ಮೇಲು.

ಒಪ್ಪಿಗೆ ಪತ್ರದಲ್ಲಿ ಒಂದು ಸಾಲು: ಈ ಪ್ರಾಣಿ ಇತ್ತೀಚೆಗೆ ಯಾರನ್ನೂ ಕಚ್ಚಿಲ್ಲ. ಹಲ್ಲೆಲ್ಲ ಉದುರಿದ ನಾಯಿಗೆ! ರೇಬೀಸ್ ಭಯಕ್ಕಂತೆ. ಕಚ್ಚಿದ್ದರೆ ಹತ್ತು ದಿನ ಇಟ್ಟುಕೊಂಡು ಗಮನಿಸಬೇಕು.

ಎರಡು ಇಂಜೆಕ್ಷನ್. ಮೊದಲನೆಯದು ಮಂಪರಿಗೆ. ಎರಡನೆಯದು ಬಾರ್ಬಿಚುರೇಟ್ ಜಾತಿಯದು, ಅರಿವಳಿಕೆಗೂ ಬಳಸುವಂಥದ್ದು. ಇಲ್ಲಿ ಬೇಕೆಂದೇ ಮಿತಿ ಮೀರಿ ಕೊಡುತ್ತಾರೆ. ಪ್ರಜ್ಞೆ ಹೋಗುತ್ತದೆ, ಉಸಿರು ನಿಲ್ಲುತ್ತದೆ, ಹೃದಯ ನಿಲ್ಲುತ್ತದೆ. ಕಣ್ಣು ಮಾತ್ರ ತೆರೆದೇ ಇರುತ್ತದೆ. "ಆಮೇಲೂ ಒಂದೆರಡು ಸಲ ಉಸಿರೆಳೆದ ಹಾಗೆ ಕಾಣಬಹುದು, ಗಾಬರಿ ಆಗ್ಬೇಡಿ ಅಮ್ಮಾ" ಎಂದು ಡಾಕ್ಟರು ಮುಂಚೆಯೇ ಹೇಳಿದ್ದರು. ಆದರೂ ರಾಯರ ಹೆಂಡತಿ "ಸಾರ್, ಇನ್ನೂ ಇದಾನೆ!" ಎಂದು ಕೂಗಿಬಿಟ್ಟರು.

ಆ ಹೊತ್ತು ಬಂತೋ ಇಲ್ಲವೋ ತಿಳಿಯಲು ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ ಒಂದು ಅಂಕಪಟ್ಟಿ ಮಾಡಿದ್ದಾರೆ. ನೋವು, ಹಸಿವು, ನೀರು, ಶುಚಿ, ಖುಷಿ, ಓಡಾಟ, ಒಳ್ಳೆಯ ದಿನಗಳು ಹೆಚ್ಚೋ ಕೆಟ್ಟವೋ. ಒಂದೊಂದಕ್ಕೂ ಹತ್ತು ಅಂಕ. ಎಪ್ಪತ್ತಕ್ಕೆ 35 ದಾಟಿದರೆ ಇನ್ನೂ ಇಟ್ಟುಕೊಳ್ಳಬಹುದು. ರಾತ್ರಿಯೆಲ್ಲ ಉಚ್ಚೆ ಒರೆಸುತ್ತಿದ್ದ ರಾಯರು ಕೊಟ್ಟಿದ್ದು 22. ಸಿಯಾಟಲ್‌ನಲ್ಲಿರುವ ಮಗಳು ವಿಡಿಯೋ ಕಾಲ್‌ನಲ್ಲಿ ನೋಡಿ ಕೊಟ್ಟಿದ್ದು 50. ಪರೀಕ್ಷಕರು ದೂರವಿದ್ದಷ್ಟೂ ಅಂಕ ಧಾರಾಳ.

1928ರಲ್ಲಿ ಸಾಬರಮತಿ ಆಶ್ರಮದಲ್ಲಿ ವಾಸಿಯಾಗದೆ ನರಳುತ್ತಿದ್ದ ಕರುವೊಂದನ್ನು ಗಾಂಧೀಜಿ ಇಂಜೆಕ್ಷನ್ ಕೊಡಿಸಿ ಸಾಯಿಸಿದರು. ಇದೂ ಅಹಿಂಸೆಯೇ ಎಂದು ಬರೆದರು, ಬೈಗುಳದ ಕಾಗದಗಳನ್ನೂ ತರಿಸಿಕೊಂಡರು. ಈಗ ನಾಯಿಯ ವಿಷಯದಲ್ಲಿ ಅಷ್ಟು ಜಗಳವಿಲ್ಲ. ಮನುಷ್ಯರ ವಿಷಯಕ್ಕೆ ಬಂದರೆ, 2018ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಚಿಕಿತ್ಸೆ ನಿಲ್ಲಿಸಬಹುದೇ ಹೊರತು ಸೂಜಿ ಚುಚ್ಚುವಂತಿಲ್ಲ. ಮೊಣಕಾಲು ನೋವಿನ ರಾಯರ ತಾಯಿ ಸುದ್ದಿ ಕೇಳಿ, "ಆ ಡಾಕ್ಟ್ರನ್ನ ನನಗೂ ಒಂದ್ಸಲ ಕರೆಸೋ" ಅಂದರು. ರಾಯರು ಪೇಪರ್ ಮಡಿಸಿಟ್ಟು ಎದ್ದು ಹೋದರು.

ರಾಯರ ಡೈರಿ ನೋಡಿದೆ. ಡ್ರಿಪ್, ರಕ್ತಪರೀಕ್ಷೆ, ಕಿಡ್ನಿ ಡಯಟ್, ಡೈಪರ್, ಆಟೋ. ಎಲ್ಲದರ ಕೆಳಗಿನ ಕೊನೆಯ ಸಾಲೇ ಅತಿ ಅಗ್ಗದ್ದು. ಪಿಂಚಣಿಯಲ್ಲಿ ಬದುಕುವವರು ದುಡ್ಡು ಎಣಿಸದೆ ಹೇಗಿರಲಿ? ಅದರಲ್ಲಿ ನಾಚಿಕೆಪಡುವಂಥದ್ದು ನನಗೇನೂ ಕಾಣಲಿಲ್ಲ. ಆದರೂ ರಾಯರು ವಾಚ್‌ಮನ್‌ಗೆ, ಹಾಲಿನವನಿಗೆ, ಇಸ್ತ್ರಿಯವನಿಗೆ ಹೇಳುತ್ತಲೇ ಇದ್ದಾರೆ: "ದುಡ್ಡಿಗೋಸ್ಕರ ಮಾಡಿದ್ದಲ್ಲ ಕಣಪ್ಪ." ಅವರ್ಯಾರೂ ಕೇಳಿಯೇ ಇರಲಿಲ್ಲ.